ನೆಂಟರ ಫೋನಿಗೆ ಅಡ್ಡ ಹಾಕಿದ ಮೇಲೆ ಕಾರಣವನ್ನೂ ಹೇಳಬೇಕು

ಹೋದ ದಸರಾಕ್ಕೆ ಮದ್ದೂರಿನಿಂದ ನಮ್ಮ ಸೋದರತ್ತೆ ಬಂದಿದ್ದರು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಐದು ದಿನ ಇದ್ದರು. ಮೂರನೇ ದಿನ ಮಧ್ಯಾಹ್ನ ಹಾಲ್‌ನಲ್ಲಿ ಕೂತು, ಮಂಡಿ ನೋವಿಗೆ ಕಟ್ಟಿಕೊಳ್ಳುವ ಬ್ಯಾಂಡ್ ಎಲ್ಲಿ ಸಿಗುತ್ತದೆ ಅಂತ ಫೋನಿನಲ್ಲಿ ಹುಡುಕುತ್ತಿದ್ದರು. ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದರು. ಬಿಳಿ ಪರದೆ ಬಂತು. ಸಪ್ಪೆ ಮುಖದ ಒಂದು ಚಿತ್ರ, ಅದರ ಕೆಳಗೆ ಇಂಗ್ಲಿಷಿನ ಏನೋ ದೊಡ್ಡಕ್ಷರಗಳು. ಹಿಂದೆ ಹೋಗಿ ಮತ್ತೆ ಒತ್ತಿದರು. ಅದೇ. ಫೋನ್ ಆಫ್ ಮಾಡಿ ಆನ್ ಮಾಡಿದರು. ಮತ್ತೆ ಅದೇ. ಕೊನೆಗೆ ಫೋನನ್ನು ಬ್ಯಾಗಿಗೆ ಹಾಕಿ ಸುಮ್ಮನಾದರು. ಸಂಜೆ ಕಾಫಿ ಕುಡಿಯುವಾಗ ಮೆಲ್ಲಗೆ ಕೇಳಿದರು: "ನನ್ ಫೋನ್ ಕೆಟ್ಟೋಯ್ತು ಕನಪ್ಪ. ರಿಪೇರಿ ಅಂಗಡಿ ಇಲ್ಲೆಲ್ಲಾದ್ರೂ ಐತಾ?"

ಫೋನ್ ಕೆಟ್ಟಿರಲಿಲ್ಲ. ಅಡ್ಡ ಹಾಕಿದವನು ನಾನು. ನಮ್ಮ ಟಿವಿ ಸ್ಟ್ಯಾಂಡಿನ ಹಿಂದೆ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದಿದೆ. ಅದರಲ್ಲಿ ಪೈ-ಹೋಲ್ ಎಂಬ ಉಚಿತ ಸಾಫ್ಟ್‌ವೇರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಜಾಹೀರಾತು, ಬೆನ್ನು ಹತ್ತುವ ಟ್ರ್ಯಾಕರ್‌ಗಳು, ಜೂಜಿನ ಸೈಟುಗಳು, ಮೋಸದ ಲಿಂಕ್‌ಗಳು, ಮಕ್ಕಳು ನೋಡಬಾರದ ಸೈಟುಗಳು, ಎಲ್ಲವನ್ನೂ ಅದು ನಿಲ್ಲಿಸುತ್ತದೆ. ಇಂಥ ಹೆಸರುಗಳ ಪಟ್ಟಿಯನ್ನು ಸ್ವಯಂಸೇವಕರು ಇಟ್ಟುಕೊಂಡು ಬರುತ್ತಾರೆ. ಒಂದೊಂದು ಪಟ್ಟಿಯಲ್ಲಿ ಲಕ್ಷಗಟ್ಟಲೆ ಹೆಸರುಗಳಿರುವುದೂ ಉಂಟು.

ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಿದರೆ ನೇರ ಅಂಗಡಿಗೆ ಹೋಗುವುದಿಲ್ಲ. ನಡುವೆ ಜಾಹೀರಾತಿನ ಲೆಕ್ಕ ಬರೆದುಕೊಳ್ಳುವ ವಿಳಾಸವೊಂದನ್ನು ಹಾದು ಹೋಗುತ್ತದೆ. ಆ ವಿಳಾಸ ನಮ್ಮ ಪಟ್ಟಿಯಲ್ಲಿದೆ. ದಾರಿ ಅಲ್ಲೇ ನಿಂತಿತು. ಮನೆಯವರಿಗೆಲ್ಲ ಇದು ಅಭ್ಯಾಸ ಆಗಿಹೋಗಿದೆ. ಮೇಲಿನ ಎರಡು ಬಿಟ್ಟು ಕೆಳಗಿನದನ್ನು ಒತ್ತುತ್ತೇವೆ. ಅತ್ತೆಗೆ ಅದನ್ನು ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ನೆಂಟರು ಬಂದರೆ ಚೀಲ ಇಳಿಸಿದ ಹತ್ತು ನಿಮಿಷದಲ್ಲೇ ಒಂದಷ್ಟು ಮಾತು ತಾನಾಗಿ ಬರುತ್ತದೆ. "ಈ ನಲ್ಲಿ ಕಾವೇರಿ, ಆ ನಲ್ಲಿ ಬೋರ್‌ವೆಲ್. ಕುಡಿಯೋಕೆ ಇದನ್ನೇ ಹಿಡ್ಕೊಳ್ಳಿ. ಗೀಸರ್ ಸ್ವಿಚ್ ಬಾಗಿಲ ಹೊರಗಡೆ ಇದೆ. ಹಿತ್ತಿಲ ಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು." ನಮ್ಮ ಮನೆ ಹೇಗೆ ನಡೆಯುತ್ತದೆ ಅಂತ ಬಂದವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಹೇಳುತ್ತೇವೆ. ವೈಫೈ ವಿಷಯದಲ್ಲಿ ಮಾತ್ರ ಪಾಸ್‌ವರ್ಡ್ ಕೊಟ್ಟು ಸುಮ್ಮನಾಗಿಬಿಡುತ್ತೇವೆ.

ಇವತ್ತು ಇಂಥ ಫಿಲ್ಟರ್ ಹಾಕಲು ಕಂಪ್ಯೂಟರ್ ಕಲಿತಿರಬೇಕು ಅಂತೇನಿಲ್ಲ. ಕ್ಲೌಡ್‌ಫ್ಲೇರ್ ಎಂಬ ಕಂಪನಿಯ 1.1.1.3 ಎಂಬ ವಿಳಾಸವನ್ನು ರೂಟರ್‌ಗೆ ಹಾಕಿದರೆ ಸಾಕು, ಮೋಸದ ಸೈಟುಗಳೂ ಅಶ್ಲೀಲ ಸೈಟುಗಳೂ ಬಹುಮಟ್ಟಿಗೆ ಮನೆಗೆ ಬರುವುದಿಲ್ಲ. 2020ರಿಂದ ಇದು ಪುಕ್ಕಟೆ ಸಿಗುತ್ತಿದೆ. ಮಕ್ಕಳಿರುವ ಮನೆಗಳಲ್ಲಿ ಇಂಥದ್ದು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಬೇರೆ. ಅಡ್ಡ ಹಾಕಿದ್ದು ಯಾರು, ಏಕೆ, ಈಗ ಏನು ಮಾಡಬೇಕು ಎಂಬುದು ಅಡ್ಡ ಸಿಕ್ಕಿಕೊಂಡವರಿಗೆ ತಿಳಿಯಬೇಕು. ಬ್ರೌಸರ್‌ನಲ್ಲೇ ಒಂದು ಪುಟ ತೋರಿಸಿ "ಇದನ್ನು ಮನೆಯವರು ನಿಲ್ಲಿಸಿದ್ದಾರೆ" ಅಂತ ಹೇಳಿಬಿಡಬಹುದಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡು ಎರಡು ವಾರ ಅದರ ಹಿಂದೆ ಬಿದ್ದಿದ್ದೆ. ಅದು ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಟೋ ಸ್ಟ್ಯಾಂಡಿನಲ್ಲಿ ವಿಳಾಸ ಕೇಳಿದ ಹಾಗೆ

ನಾವು ಸೈಟಿನ ಹೆಸರು ಟೈಪ್ ಮಾಡುತ್ತೇವೆ. ಫೋನಿಗೆ ಬೇಕಾದದ್ದು ಅಂಕಿಯ ವಿಳಾಸ. ಹೆಸರಿನಿಂದ ವಿಳಾಸ ಹುಡುಕಿ ಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ್ದು ಇಂದಿಗೂ ನಡೆಯುತ್ತಿದೆ. ಬಸ್ ಇಳಿದು ಆಟೋ ಸ್ಟ್ಯಾಂಡಿನಲ್ಲಿ "ಇಂಥವರ ಮನೆ ಎಲ್ಲಿ ಬರುತ್ತೆ?" ಅಂತ ಕೇಳುತ್ತೇವಲ್ಲ, ಹಾಗೆ. ಮನೆಯ ಫಿಲ್ಟರ್ ಕೂತಿರುವುದು ಈ ಸ್ಟ್ಯಾಂಡಿನಲ್ಲೇ. ಪಟ್ಟಿಯಲ್ಲಿರುವ ಹೆಸರು ಕೇಳಿದರೆ ಅದು ದಾರಿ ಹೇಳುವುದಿಲ್ಲ.

ದಾರಿ ಹೇಳದೆ ಇರುವುದಕ್ಕೂ ಬೇರೆ ಬೇರೆ ರೀತಿ ಇವೆ. "ಅಂಥ ಮನೆಯೇ ಇಲ್ಲ" ಅನ್ನಬಹುದು. ಇದು ಸುಳ್ಳು, ಮನೆ ಇದೆ. ಇಲ್ಲವೇ ಖಾಲಿ ನಿವೇಶನದ ವಿಳಾಸ ಕೊಡಬಹುದು. ಡಿಎನ್‌ಎಸ್ ಭಾಷೆಯಲ್ಲಿ ಆ ಖಾಲಿ ನಿವೇಶನದ ವಿಳಾಸ 0.0.0.0. ಫೋನು ಅಲ್ಲಿ ಯಾರೂ ಇಲ್ಲ ಅಂತ ಕ್ಷಣದಲ್ಲಿ ತಿಳಿದುಕೊಂಡು ವಾಪಸ್ ಬರುತ್ತದೆ. ಪೈ-ಹೋಲ್ ತಾನಾಗಿ ಮಾಡುವುದು ಇದನ್ನೇ. ಮೂರನೆಯದು, ಕೇಳಿದ ಮನೆಯ ಬದಲು ತನ್ನದೇ ಮನೆಯ ವಿಳಾಸ ಕೊಡುವುದು. ಅಲ್ಲಿಗೆ ಹೋದವರಿಗೆ ಬಾಗಿಲಲ್ಲೇ ಒಂದು ಬೋರ್ಡ್ ಕಾಣಿಸುತ್ತದೆ: ನೀವು ಕೇಳಿದ ಸೈಟನ್ನು ಇಲ್ಲಿ ನಿಲ್ಲಿಸಲಾಗಿದೆ, ಕಾರಣ ಇದು, ಕೇಳಬೇಕಾದವರು ಇವರು. ಕಾರಣ ಹೇಳುವ ಪುಟ ಅಂದರೆ ಇದೇ.

ಪೈ-ಹೋಲ್‌ನಲ್ಲಿ ಮೊದಲು ಇಂಥ ಪುಟ ಇತ್ತು. ಹಳೆಯ ಬಳಕೆದಾರರಿಗೆ ನೆನಪಿರುತ್ತದೆ. 2022ರಲ್ಲಿ ಅದನ್ನು ತೆಗೆದರು. ಮೊದಮೊದಲು ನನಗೆ ಬೇಜಾರಾಗಿತ್ತು. ಈಗ ಅವರು ಮಾಡಿದ್ದು ಸರಿ ಅನ್ನಿಸುತ್ತದೆ.

ಕಾರಣ ಎಚ್‌ಟಿಟಿಪಿಎಸ್, ಅಂದರೆ ಸೈಟಿನ ಗುರುತು ನೋಡಿಕೊಂಡು, ನಡುವಿನವರು ಓದಲಾಗದ ಹಾಗೆ ಮಾತಾಡುವ ಪದ್ಧತಿ. ಈ ಕಾಲದಲ್ಲಿ ಬ್ರೌಸರ್ ಒಂದು ಮನೆಯ ಬಾಗಿಲಿಗೆ ಹೋದ ತಕ್ಷಣ ಒಳಗೆ ಕಾಲಿಡುವುದಿಲ್ಲ. "ನಿಮ್ಮ ಗುರುತಿನ ಚೀಟಿ ತೋರಿಸಿ" ಅನ್ನುತ್ತದೆ. ಚೀಟಿಯಲ್ಲಿರುವ ಹೆಸರು ತಾನು ಹುಡುಕಿಕೊಂಡು ಬಂದ ಹೆಸರೇ ಆಗಿರಬೇಕು. ನಂಬಿಕಸ್ಥ ಸಂಸ್ಥೆಯೊಂದು ಅದಕ್ಕೆ ಸಹಿ ಹಾಕಿರಬೇಕು. ಹಿಂದೆ ಈ ಚೀಟಿ ಇರುವ ಸೈಟುಗಳು ಕಡಿಮೆ, ಬ್ಯಾಂಕು ಮತ್ತು ದೊಡ್ಡ ಅಂಗಡಿಗಳು ಅಷ್ಟೇ. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಎಲ್ಲರಿಗೂ ಪುಕ್ಕಟೆ ಚೀಟಿ ಕೊಡಲು ಶುರು ಮಾಡಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಚೀಟಿ ಇಲ್ಲದ ಸೈಟುಗಳಿಗೆಲ್ಲ "ಸುರಕ್ಷಿತವಲ್ಲ" ಅಂತ ಹಣೆಪಟ್ಟಿ ಹಚ್ಚಿತು. ಈಗ ನಾವು ದಿನಾ ನೋಡುವ ಸೈಟುಗಳಲ್ಲಿ ಚೀಟಿ ಇಲ್ಲದ್ದು ಹುಡುಕಿದರೂ ಸಿಗುವುದು ಕಷ್ಟ.

ಅತ್ತೆ ಒತ್ತಿದ ಲಿಂಕನ್ನು ನಾನು ನಮ್ಮ ಮನೆಯ ಪುಟಕ್ಕೆ ತಿರುಗಿಸಿದ್ದರೆ ಏನಾಗುತ್ತಿತ್ತು? ಬ್ರೌಸರ್ ಚೀಟಿ ಕೇಳುತ್ತಿತ್ತು. ನನ್ನ ರಾಸ್‌ಬೆರಿ ಪೈ ಬಳಿ ಗೂಗಲ್ ಜಾಹೀರಾತು ವಿಳಾಸದ ಚೀಟಿ ಇಲ್ಲ, ಇರಲೂಬಾರದು. ಆಗ ಬರುವುದು ನನ್ನ ಸೌಮ್ಯವಾದ ಕನ್ನಡದ ಪುಟ ಅಲ್ಲ. ಕೆಂಪು ಗುರುತಿನ ಎಚ್ಚರಿಕೆ: ಯಾರೋ ನಿಮ್ಮ ಮಾಹಿತಿ ಕದಿಯಲು ಪ್ರಯತ್ನಿಸುತ್ತಿರಬಹುದು. ಫೋನ್ ಕೆಟ್ಟಿತು ಅಂದುಕೊಂಡಿದ್ದವರು ಆಗ ಫೋನಿಗೆ ಕಳ್ಳ ಹೊಕ್ಕಿದ್ದಾನೆ ಅಂದುಕೊಳ್ಳುತ್ತಿದ್ದರು.

ಕೆಲವು ಸೈಟುಗಳು ಇನ್ನೂ ಬಿಗಿ. "ನನ್ನ ಬಳಿ ಬರುವಾಗ ಚೀಟಿ ನೋಡದೆ ಒಳಗೆ ಬರಲೇಬೇಡ" ಅಂತ ಬ್ರೌಸರ್‌ಗೆ ಮೊದಲೇ ಹೇಳಿಟ್ಟಿರುತ್ತವೆ. ಎಚ್‌ಎಸ್‌ಟಿಎಸ್ ಎಂಬ ಈ ನಿಯಮ 2012ರಲ್ಲಿ ಬಂತು. ಅಂಥ ಕಡೆ "ಆದರೂ ಮುಂದುವರಿಯಿರಿ" ಎಂಬ ಗುಂಡಿಯೇ ಇರುವುದಿಲ್ಲ.

ಗುಂಡಿ ಇರುವ ಕಡೆಯಾದರೂ ನೆಂಟರಿಗೆ ಹೇಳಿಕೊಡಬಹುದಲ್ಲ, "ಅಡ್ವಾನ್ಸ್ಡ್ ಒತ್ತಿ, ಆಮೇಲೆ ಮುಂದುವರಿಯಿರಿ ಒತ್ತಿ, ನಮ್ಮ ಪುಟ ಬರುತ್ತೆ" ಅಂತ? ದಯವಿಟ್ಟು ಬೇಡ. ನಾನು ಇಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಾಳೆ ಬಸ್ ಸ್ಟ್ಯಾಂಡಿನ ಯಾವುದೋ ಫ್ರೀ ವೈಫೈನಲ್ಲಿ ಅತ್ತೆಯ ಬ್ಯಾಂಕ್ ಖಾತೆಯನ್ನು ಉಳಿಸುವುದು ಇದೇ ಕೆಂಪು ಎಚ್ಚರಿಕೆ. "ಅದು ಬಂದರೆ ದಾಟಿಕೊಂಡು ಹೋಗಿ" ಅಂತ ನಮ್ಮ ಮನೆಯಲ್ಲಿ ಅಭ್ಯಾಸ ಮಾಡಿಸಿದರೆ, ಅವರು ಎಲ್ಲ ಕಡೆಯೂ ದಾಟುತ್ತಾರೆ. ಒಂದು ವಿವರಣೆಯ ಪುಟ ತೋರಿಸುವ ಆಸೆಗೆ ಅವರ ಕೈಯಲ್ಲಿದ್ದ ಒಂದೇ ಕಾವಲನ್ನೂ ಕಿತ್ತುಕೊಂಡ ಹಾಗಾಗುತ್ತದೆ.

ಇನ್ನೊಂದು ದಾರಿ ಕೆಲವರು ಹೇಳುತ್ತಾರೆ. ನಮ್ಮದೇ ಒಂದು ರೂಟ್ ಸರ್ಟಿಫಿಕೇಟ್, ಅಂದರೆ ಬೇರೆ ಚೀಟಿಗಳಿಗೆ ಸಹಿ ಹಾಕುವ ಮೂಲ ಚೀಟಿ, ಮಾಡಿ ಫೋನಿಗೆ ಹಾಕಿಬಿಟ್ಟರೆ ಎಚ್ಚರಿಕೆ ಬರುವುದಿಲ್ಲ. ಆಫೀಸುಗಳು ತಮ್ಮದೇ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಮಾಡುತ್ತವೆ, ಸರಿ. ಆದರೆ ಇದರ ಅರ್ಥ ಏನು ಅಂತ ನೋಡಿ. ಸಹಿ ಹಾಕುವ ಅಧಿಕಾರವನ್ನೇ ನಮ್ಮ ಕೈಗೆ ಕೊಟ್ಟಂತೆ. ಆ ಸರ್ಟಿಫಿಕೇಟ್ ಇರುವ ಫೋನು ನಮ್ಮ ವೈಫೈನಲ್ಲಿದ್ದಾಗ, ಅದರ ಬ್ರೌಸರ್‌ನಲ್ಲಿ ಅವರು ಬ್ಯಾಂಕಿನ ಸೈಟ್ ತೆರೆದರೂ ನಡುವೆ ನಿಂತು ಓದಬಹುದು. ನಾವು ಓದುವುದಿಲ್ಲ, ಸರಿ. ಆದರೆ ಸಹಿ ಹಾಕುವ ಆ ಕೀಲಿ ನಮ್ಮ ಮನೆಯಿಂದ ಕಳುವಾದರೆ? 2015ರಲ್ಲಿ ಬಯಲಾದ ಹಾಗೆ, ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಸಾಫ್ಟ್‌ವೇರ್ ಹೀಗೇ ತನ್ನದೊಂದು ರೂಟ್ ಸರ್ಟಿಫಿಕೇಟ್ ಹಾಕಿತ್ತು. ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಕೀಲಿ. ಅದು ಹೊರಬಿದ್ದ ಮೇಲೆ ಯಾರು ಬೇಕಾದರೂ ಆ ಲ್ಯಾಪ್‌ಟಾಪ್‌ಗಳಿಗೆ ಸುಳ್ಳು ಚೀಟಿ ತೋರಿಸಬಹುದಾಗಿತ್ತು. ಐದು ದಿನಕ್ಕೆ ಬಂದ ನೆಂಟರ ಫೋನಿನಲ್ಲಿ ಇಂಥದ್ದನ್ನು ಬಿಟ್ಟು ಕಳಿಸುವುದು ತಪ್ಪು. ಅಷ್ಟು ಮಾಡಿದರೂ ಕೆಲಸ ಅರ್ಧಂಬರ್ಧ. 2016ರ ಆಂಡ್ರಾಯ್ಡ್ 7ರಿಂದೀಚೆಗೆ, ಬಳಕೆದಾರರು ಹಾಕಿಕೊಂಡ ಸರ್ಟಿಫಿಕೇಟನ್ನು ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ.

ಆ್ಯಪ್ ಮಾತು ಬಂತಲ್ಲ, ಪುಟ ತೋರಿಸುವ ಯೋಚನೆಯ ದೊಡ್ಡ ತೂತು ಅಲ್ಲೇ ಇದೆ. ನನ್ನ ಪೈ-ಹೋಲ್ ನಿಲ್ಲಿಸುವ ಕೋರಿಕೆಗಳಲ್ಲಿ ಮನುಷ್ಯರು ಬೆರಳಿಟ್ಟು ಒತ್ತಿದ್ದು ಬಹಳ ಕಡಿಮೆ. ಜಾಸ್ತಿ ಪಾಲು ಆ್ಯಪ್‌ಗಳೂ ಟಿವಿಯೂ ತಮ್ಮಷ್ಟಕ್ಕೆ ಕಳಿಸುವಂಥವು. ಆ್ಯಪ್‌ಗೆ ನೀವು ಎಷ್ಟು ಚಂದದ ಪುಟ ಕೊಟ್ಟರೂ ಅದು ತೋರಿಸುವುದಿಲ್ಲ. ಸುಮ್ನೆ ಸುತ್ತುತ್ತಿರುತ್ತದೆ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ರೂಮು ಬಾಡಿಗೆ ಕೊಡುವ ಗೆಳೆಯನೊಬ್ಬನಿದ್ದಾನೆ. ಅವನ ಮನೆಯಲ್ಲಿ ಒಬ್ಬರಿಗೆ ವಿಮಾನದ ಚೆಕ್-ಇನ್ ಆ್ಯಪ್ ಒಂದು ಗಂಟೆ ಸುತ್ತುತ್ತಲೇ ಇತ್ತು. ಆ್ಯಪ್ ತನ್ನ ಅಂಕಿಅಂಶ ಕಳಿಸುವ ಒಂದು ವಿಳಾಸಕ್ಕಾಗಿ ಕಾಯುತ್ತಿತ್ತು, ಆ ವಿಳಾಸ ಪಟ್ಟಿಯಲ್ಲಿತ್ತು. ವೈಫೈ ಆಫ್ ಮಾಡಿದ್ದರೆ ಒಂದು ನಿಮಿಷದ ಕೆಲಸ. ಅವರಿಗೆ ಅದು ಹೊಳೆಯಲಿಲ್ಲ. ವೈಫೈ ಗುರುತು ಪೂರ್ತಿ ತೋರಿಸುತ್ತಿರುವಾಗ ಯಾರಿಗೆ ತಾನೇ ಹೊಳೆಯುತ್ತದೆ?

ಅಡ್ಡ ಹಾಕಿದ್ದು ಯಾರು?

ಪುಟ ತೋರಿಸಲು ಆಗದಿದ್ದರೂ ಉತ್ತರದಲ್ಲೇ ಕಾರಣ ಸೇರಿಸಿ ಕಳಿಸುವ ದಾರಿಯೊಂದಿದೆ. ಆಟೋ ಸ್ಟ್ಯಾಂಡಿನವನು "ಅಂಥ ಮನೆ ಇಲ್ಲ" ಅನ್ನುವ ಬದಲು "ಮನೆ ಗೊತ್ತು, ಆದರೆ ಹೇಳಬೇಡ ಅಂದಿದ್ದಾರೆ" ಅನ್ನುವುದು. 2020ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 8914 ಎಂಬ ನಿಯಮ ಇದಕ್ಕೆ ಸಂಖ್ಯೆಗಳನ್ನು ಗೊತ್ತುಮಾಡಿತು. 15 ಅಂದರೆ ಡಿಎನ್‌ಎಸ್ ನಡೆಸುವವರೇ ತಮ್ಮ ತೀರ್ಮಾನದಿಂದ ನಿಲ್ಲಿಸಿದ್ದು. 16 ಅಂದರೆ ಹೊರಗಿನವರ ಆದೇಶದಿಂದ ನಿಲ್ಲಿಸಿದ್ದು. 17 ಅಂದರೆ ಬಳಸುವವರೇ ಕೇಳಿಕೊಂಡು ನಿಲ್ಲಿಸಿದ್ದು. ಓದಿದಾಗ ನನಗೆ ತುಂಬಾ ಹಿಡಿಸಿತು. ಒಂದೇ ಬಿಳಿ ಪರದೆಯ ಹಿಂದೆ ಮೂರು ಬೇರೆ ಬೇರೆ ಕೈಗಳಿರಬಹುದು ಅಂತ ಒಪ್ಪಿಕೊಂಡ ನಿಯಮ ಇದು.

ಇದು ಸಣ್ಣ ವಿಷಯ ಅಲ್ಲ. ಮಂಡ್ಯದಿಂದ ಬಂದಿದ್ದ ನನ್ನ ಭಾಮೈದ ರಮ್ಮಿ ಆ್ಯಪ್ ತೆರೆದು ನೋಡಿ, "ಇದನ್ನೂ ಬ್ಲಾಕ್ ಮಾಡಿದ್ದೀರಾ ಭಾವ?" ಅಂದ. ಮುಖ ಸ್ವಲ್ಪ ಬಿಗಿಯಾಗಿತ್ತು. ಅದನ್ನು ನಿಲ್ಲಿಸಿದ್ದು ನಾನಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ಹಣ ಕಟ್ಟಿ ಆಡುವ ಆಟಗಳನ್ನು ಕಂಪನಿಗಳೇ ಮುಚ್ಚಿದವು. ಅವನ ಸಿಮ್ಮಿನ ನೆಟ್‌ನಲ್ಲೂ ಅದು ಬರುತ್ತಿರಲಿಲ್ಲ. ಹಾಗಂತ ತೋರಿಸಿದ ಮೇಲೆ ಅವನ ಮುಖ ಸಡಿಲವಾಯಿತು. ಮನೆ, ಇಂಟರ್‌ನೆಟ್ ಕಂಪನಿ, ಸರ್ಕಾರ, ಸೈಟಿನವರೇ, ಯಾರು ನಿಲ್ಲಿಸಿದರೂ ನೋಡುವವರಿಗೆ ಕಾಣುವುದು ಒಂದೇ ಗೋಡೆ. ತಪ್ಪಿತಸ್ಥರನ್ನು ಅವರು ತಾವೇ ಊಹಿಸಿಕೊಳ್ಳುತ್ತಾರೆ. ಅತ್ತೆ ಫೋನನ್ನು ದೂರಿದರು, ಭಾಮೈದ ನನ್ನನ್ನು.

ಸರ್ಕಾರದ ತಡೆಯಲ್ಲೂ ಇದೇ ಕೊರತೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿ ಸೈಟುಗಳನ್ನು ನಿಲ್ಲಿಸುತ್ತಾರೆ. 2009ರ ನಿಯಮಗಳ 16ನೇ ನಿಯಮ ಆ ದೂರು ಮತ್ತು ಕ್ರಮವನ್ನು ಗುಟ್ಟಾಗಿಡಬೇಕು ಅನ್ನುತ್ತದೆ. ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಈ ಕಲಂ ಮತ್ತು ನಿಯಮಗಳನ್ನು ಎತ್ತಿಹಿಡಿಯಿತು. ಕಾನೂನಿನ ಕಾರಣಕ್ಕೆ ನಿಲ್ಲಿಸಿದ್ದೇವೆ ಅಂತ ಹೇಳಲು ವೆಬ್‌ನಲ್ಲಿ 451 ಎಂಬ ಸಂಖ್ಯೆಯೇ 2016ರಿಂದ ಇದೆ. ಅದು ದೊಡ್ಡ ಚರ್ಚೆ, ಇಲ್ಲಿ ಬಿಡೋಣ. ಮನೆಗೆ ಗುಟ್ಟಿನ ನಿಯಮ ಏನೂ ಇಲ್ಲವಲ್ಲ. ನಾವು ಹೇಳಬಹುದು.

ಹಾಗಾದರೆ ಈ 15, 16, 17 ಸಂಖ್ಯೆಗಳನ್ನು ಬ್ರೌಸರ್‌ಗಳು ಓದಿ "ಮನೆಯವರು ನಿಲ್ಲಿಸಿದ್ದಾರೆ" ಅಂತ ತೋರಿಸಿಬಿಟ್ಟರೆ ಆಯಿತಲ್ಲ? ನಾವು ದಿನಾ ಬಳಸುವ ಬ್ರೌಸರ್‌ಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಈ ಸಂಖ್ಯೆಯ ಜೊತೆ ನಾಲ್ಕು ಮಾತು ಬರೆದು ಕಳಿಸಲು ಜಾಗ ಇದೆ. ಬ್ರೌಸರ್ ಆ ಮಾತನ್ನು ಹಾಗೇ ತೋರಿಸಿದರೆ, ಕೆಟ್ಟ ವೈಫೈ ನಡೆಸುವವನು ಅಲ್ಲಿ ಏನು ಬೇಕಾದರೂ ಬರೆಯಬಹುದು. "ನಿಮ್ಮ ಖಾತೆ ನಿಂತಿದೆ, ಈ ನಂಬರಿಗೆ ಕರೆ ಮಾಡಿ." ಸುಳ್ಳು ಕಸ್ಟಮರ್ ಕೇರ್ ನಂಬರ್ ನಂಬಿ ದುಡ್ಡು ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಬ್ರೌಸರ್‌ನ ಸ್ವಂತ ಪರದೆಯಲ್ಲೇ ಅಂಥ ನಂಬರ್ ಬಂದರೆ ನಂಬದವರು ಯಾರು? ಅದಕ್ಕೇ ಯಾರ ಮಾತನ್ನು ತೋರಿಸಬೇಕು, ಎಷ್ಟು ತೋರಿಸಬೇಕು ಅಂತ ಇಂಟರ್‌ನೆಟ್ ನಿಯಮ ರೂಪಿಸುವ ಐಇಟಿಎಫ್‌ನಲ್ಲಿ ಇನ್ನೊಂದು ಕರಡಿನ ಕೆಲಸ ನಡೆದಿದೆ. ನನ್ನ ಪ್ರಕಾರ ಮಾತು ಬೇಡ, ಸಂಖ್ಯೆ ಸಾಕು. 15 ಬಂದರೆ "ಈ ವೈಫೈ ನಡೆಸುವವರು ಇದನ್ನು ನಿಲ್ಲಿಸಿದ್ದಾರೆ. ನಿಮ್ಮ ಫೋನ್ ಸರಿಯಾಗಿದೆ" ಎಂಬ ಎರಡು ಸಾಲನ್ನು ಬ್ರೌಸರ್ ತನ್ನದೇ ಮಾತಿನಲ್ಲಿ, ಫೋನಿನ ಭಾಷೆಯಲ್ಲಿ ತೋರಿಸಲಿ. ಅದರಲ್ಲಿ ಮೋಸಗಾರನಿಗೆ ನಂಬರ್ ತೂರಿಸಲು ಜಾಗ ಇರುವುದಿಲ್ಲ. ಅತ್ತೆಗೆ ಅಷ್ಟೇ ಸಾಕಾಗುತ್ತಿತ್ತು.

ಅದು ಬರುವ ತನಕ ಕಾರಣ ಹೇಳುವ ಕೆಲಸ ಮನೆಯವರದ್ದೇ. ಬ್ರೌಸರ್ ಒಳಗೆ ಆಗದು. ಪಾಸ್‌ವರ್ಡ್ ಕೊಡುವ ಗಳಿಗೆಯಲ್ಲಿ ಆಗುತ್ತದೆ.

ಗೋಡೆಯ ಮೇಲಿನ ಚೀಟಿ

ನಾನು ಒಂದು ಚೀಟಿ ಬರೆದು ಹಾಲ್‌ನ ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಮೊದಲ ಸಲ ಬರೆದದ್ದು ಸರಿ ಇರಲಿಲ್ಲ. "ಈ ಮನೆಯ ನೆಟ್‌ಗೆ ಫಿಲ್ಟರ್ ಇದೆ" ಅಂತ ಶುರು ಮಾಡಿದ್ದೆ. ಸಂಕ್ರಾಂತಿಗೆ ಮತ್ತೆ ಬಂದ ಅತ್ತೆ ಅದನ್ನು ಓದಿ, "ನೀರಿನ ಫಿಲ್ಟರ್ ವಿಷ್ಯವಾ?" ಅಂತ ಕೇಳಿದರು. ಮೈಸೂರಿನಲ್ಲಾಗಲಿ ಮದ್ದೂರಿನಲ್ಲಾಗಲಿ ಫಿಲ್ಟರ್ ಅಂದರೆ ನೀರಿನದ್ದು, ಇಲ್ಲ ಕಾಫಿಯದ್ದು. ಅವರು ಕೇಳಿದ್ದು ಸರಿಯಾಗೇ ಇತ್ತು. ಆಮೇಲೆ ಆ ಪದ ತೆಗೆದೆ. ಡಿಎನ್‌ಎಸ್, ಡೊಮೇನ್, ಬ್ಲಾಕ್‌ಲಿಸ್ಟ್ ಎಲ್ಲ ತೆಗೆದೆ. ಆಗ ಚೀಟಿ ಹೀಗಾಯಿತು:

"ಈ ವೈಫೈನಲ್ಲಿ ಕೆಲವು ಸೈಟುಗಳು ಬರುವುದಿಲ್ಲ. ನಿಮ್ಮ ಫೋನ್ ಸರಿಯಾಗಿದೆ. ಜಾಹೀರಾತು, ಜೂಜು, ಮೋಸದ ಸೈಟುಗಳನ್ನು ನಾವೇ ನಿಲ್ಲಿಸಿದ್ದೇವೆ. ಕೆಲವು ಸಲ ಒಳ್ಳೆಯ ಸೈಟ್ ಕೂಡ ತಪ್ಪಾಗಿ ನಿಲ್ಲುತ್ತದೆ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಬಿಟ್ಟು ಕೆಳಗಿನದನ್ನು ಒತ್ತಿ. ಅವಸರ ಇದ್ದರೆ ವೈಫೈ ಆಫ್ ಮಾಡಿ, ನಿಮ್ಮ ಸಿಮ್ಮಿನ ನೆಟ್ ಬಳಸಿ. ಬೇಕಾದದ್ದು ಬರದಿದ್ದರೆ ನಮಗೆ ಹೇಳಿ, ಐದು ನಿಮಿಷ ಎಲ್ಲವನ್ನೂ ಬಿಡುತ್ತೇವೆ. ಯಾವ ಸೈಟ್ ಅಂತ ಹೇಳಬೇಕಾಗಿಲ್ಲ."

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಇಂಥ ಪಟ್ಟಿಗಳು ತಪ್ಪು ಮಾಡುತ್ತವೆ. ಮುಟ್ಟಿನ ತೊಂದರೆ ಬಗ್ಗೆ, ಗರ್ಭನಿರೋಧಕದ ಬಗ್ಗೆ, ಸ್ತನ ಪರೀಕ್ಷೆ ಬಗ್ಗೆ ಇರುವ ಆರೋಗ್ಯದ ಪುಟವೊಂದು ಅಶ್ಲೀಲದ ಪಟ್ಟಿಗೆ ಸೇರಿಬಿಡಬಹುದು. ರಜೆಗೆ ಬಂದ ಅಣ್ಣನ ಮಗಳು ಅದನ್ನು ಓದಲು ಹೋಗುತ್ತಾಳೆ ಅಂತಿಟ್ಟುಕೊಳ್ಳಿ. ಪರದೆ ಮೇಲೆ "ಅಶ್ಲೀಲ ಸೈಟ್, ನಿಲ್ಲಿಸಲಾಗಿದೆ, ಮನೆಯ ಯಜಮಾನರನ್ನು ಕೇಳಿ" ಅಂತ ಬಂದರೆ ಅವಳಿಗೆ ಹೇಗಾಗಬೇಡ? ಚಿಕ್ಕಪ್ಪನಿಗೆ ಇದೆಲ್ಲ ಕಾಣಿಸುತ್ತಿದೆ ಅಂತ ಹೆದರುತ್ತಾಳೆ. ಕೇಳುವುದಂತೂ ಇಲ್ಲ. ಕಾರಣ ಹೇಳುವ ಪುಟಗಳ ಬಗ್ಗೆ ಮಾತಾಡುವವರು ಈ ಕಡೆ ನೋಡುವುದೇ ಕಡಿಮೆ. ಬಂದವರನ್ನು ತಪ್ಪಿತಸ್ಥರ ಹಾಗೆ ನಿಲ್ಲಿಸುವ ವಿವರಣೆಗಿಂತ ವಿವರಣೆ ಇಲ್ಲದಿರುವುದೇ ಮೇಲು. ಪೈ-ಹೋಲ್‌ನಲ್ಲಿ ಎಲ್ಲವನ್ನೂ ಐದು ನಿಮಿಷ ಬಿಡುವ ಗುಂಡಿ ಇದೆ. ಹಾಗಾಗಿ ಯಾವ ಸೈಟ್ ಅಂತ ಕೇಳದೆಯೇ ನೆರವಾಗಲು ಆಗುತ್ತದೆ. ಆ ಗುಂಡಿಯನ್ನು ನನ್ನ ಹೆಂಡತಿಯ ಫೋನಿನಲ್ಲೂ ಇಟ್ಟಿದ್ದೇವೆ. ಕೆಲವು ವಿಷಯ ನನ್ನ ಬಳಿ ಕೇಳುವುದಕ್ಕಿಂತ ಅವಳ ಬಳಿ ಕೇಳುವುದು ಸುಲಭ.

ಇನ್ನೂ ಮುಖ್ಯವಾದ ಕೆಲಸ, ನೆಂಟರಿಗೆ ಅಡ್ಡ ಬರುವುದನ್ನೇ ಕಡಿಮೆ ಮಾಡುವುದು. ಈಗಿನ ಎಷ್ಟೋ ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇರುತ್ತದೆ. ನಾನು ಅದನ್ನು ಬೇರೆ ಹೆಸರಿನಿಂದ ತೆರೆದು, ಜಾಹೀರಾತಿನ ಪಟ್ಟಿಯನ್ನು ಅಲ್ಲಿಂದ ತೆಗೆದೆ. ಜಾಹೀರಾತು ಕಾಣಿಸಿದರೆ ನೆಂಟರಿಗೆ ನಷ್ಟ ಏನಿಲ್ಲ, ಅದು ಅವರಿಗೆ ಅಭ್ಯಾಸ ಇರುವಂಥದ್ದೇ. ಲಿಂಕ್ ಸತ್ತರೆ ನಷ್ಟ. ಮೋಸದ ಸೈಟುಗಳನ್ನು ಮಾತ್ರ ನಿಲ್ಲಿಸುವ 1.1.1.2 ಹಾಕಿದ್ದೆ. ಎರಡೇ ದಿನ. ಹದಿಮೂರು ವರ್ಷದ ನಮ್ಮ ಮಗ ಗೆಸ್ಟ್ ಪಾಸ್‌ವರ್ಡ್ ತಿಳಿದುಕೊಂಡು ಅಲ್ಲಿಗೆ ಸೇರಿಕೊಂಡ. ಮಕ್ಕಳಿರುವ ಮನೆಯಲ್ಲಿ ಇದು ಆಗಿಯೇ ಆಗುತ್ತದೆ. ಈಗ ಅಲ್ಲಿ 1.1.1.3 ಇದೆ. ಅಶ್ಲೀಲದ ಪಟ್ಟಿ ಇದ್ದೇ ಇದೆ ಅಂದಮೇಲೆ ತಪ್ಪಾಗಿ ನಿಲ್ಲುವ ಆರೋಗ್ಯದ ಪುಟಗಳ ತೊಂದರೆಯೂ ಇದ್ದೇ ಇದೆ. ಪೈ-ಹೋಲ್‌ನ ಗುಂಡಿ 1.1.1.3ಕ್ಕೆ ತಾಗುವುದಿಲ್ಲ, ಹಾಗಾಗಿ ಕೇಳಿದವರನ್ನು ಆ ಐದು ನಿಮಿಷ ಮನೆಯ ವೈಫೈಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಚೀಟಿಯ ಕೊನೆಯ ಸಾಲು ಬೇಕೇ ಬೇಕು. ಚೀಟಿಯ ಪಟ್ಟಿಗೆ ಅದೊಂದು ಪದವನ್ನೂ ಸೇರಿಸುವುದಾ ಬೇಡವಾ ಅಂತ ಮನೆಯಲ್ಲಿ ಮಾತಾಯಿತು. "ಮಕ್ಕಳಿಗೆ ತಕ್ಕದ್ದಲ್ಲದ ಸೈಟುಗಳು" ಅಂತ ಸೇರಿಸಿದರೆ ಸಾಕು ಅಂತ ತೀರ್ಮಾನಿಸಿದೆವು.

ಕೆಲವರ ಫೋನು ನಮ್ಮ ಫಿಲ್ಟರನ್ನು ಕೇಳುವುದೇ ಇಲ್ಲ. 2018ರ ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಹಾಕಿಕೊಂಡವರು ನಮ್ಮ ಸ್ಟ್ಯಾಂಡಿನಲ್ಲಿ ಕೇಳದೆ ತಮ್ಮದೇ ಪರಿಚಯದವರನ್ನು ಕೇಳಿಕೊಂಡು ಹೋಗುತ್ತಾರೆ. ಅದನ್ನು ತಡೆಯುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ನಮ್ಮ ಮಕ್ಕಳ ಫೋನಿನ ಮಾತು ಬೇರೆ. ದೊಡ್ಡವರಾದ ನೆಂಟರು ತಮ್ಮ ಫೋನಿನಲ್ಲಿ ತಾವು ಮಾಡಿಕೊಂಡ ಏರ್ಪಾಡನ್ನು ಕೆಡಿಸುವ ಹಕ್ಕು ನಮಗಿಲ್ಲ.

ಗೋಕುಲಂನ ಗೆಳೆಯನಿಗೆ ಚೀಟಿ ಸಾಲದು. ವಾರಕ್ಕೊಬ್ಬರು ಬಂದು ಹೋಗುವ ಕಡೆ, ಹೋಟೆಲುಗಳಲ್ಲಿ ಬರುವಂಥ ಸೇರುವ ಪುಟ ಒಳ್ಳೆಯದು. ಫೋನು ವೈಫೈಗೆ ಸೇರಿದ ಕೂಡಲೇ ಒಂದು ಪರೀಕ್ಷೆಯ ವಿಳಾಸಕ್ಕೆ ಹೋಗಿ ನೋಡುತ್ತದೆ. ನಿರೀಕ್ಷಿಸಿದ ಉತ್ತರ ಬರದಿದ್ದರೆ ತಾನಾಗಿ ಆ ಪುಟವನ್ನು ತೆರೆಯುತ್ತದೆ. 2020ರಲ್ಲಿ ಬಂದ ಆರ್‌ಎಫ್‌ಸಿ 8910 ಪ್ರಕಾರ ರೂಟರ್ ನೇರವಾಗಿಯೇ "ನಮ್ಮ ಪುಟ ಇಲ್ಲಿದೆ" ಅಂತ ಫೋನಿಗೆ ಹೇಳಬಹುದು. ಇಲ್ಲಿ ಯಾರ ಹೆಸರನ್ನೂ ಕದಿಯಬೇಕಿಲ್ಲ, ಕೆಂಪು ಎಚ್ಚರಿಕೆ ಬರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ವ್ಯವಸ್ಥೆ ಓಡುವ ರೂಟರ್‌ಗೆ ಇದಕ್ಕೆ ಬೇಕಾದ ಉಚಿತ ಸಾಫ್ಟ್‌ವೇರ್ ಸಿಗುತ್ತದೆ. ಅವನ ಪುಟದಲ್ಲಿ ನನ್ನ ಚೀಟಿಯ ಮಾತೇ ಇದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕೆಲಸದ ಹೆಂಗಸು ಅದೇ ವೈಫೈ ಬಳಸುತ್ತಾರೆ, ಆದ್ದರಿಂದ ಕನ್ನಡ ಮೊದಲು.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಟ್ಟರೆ ಸರಿಯಲ್ಲ. ಇಂಥ ಫಿಲ್ಟರ್ ಬರೀ ನಿಲ್ಲಿಸುವುದಿಲ್ಲ, ಬರೆದೂ ಇಡುತ್ತದೆ. ಯಾವ ಫೋನು ಎಷ್ಟು ಗಂಟೆಗೆ ಯಾವ ಸೈಟಿನ ಹೆಸರು ಕೇಳಿತು ಎಂಬುದು ಪೈ-ಹೋಲ್‌ನಲ್ಲಿ ಸಾಲಾಗಿ ಕಾಣುತ್ತದೆ. ಸುಮ್ಮನೆ ಬಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ನೆಂಟರೊಬ್ಬರು ಆಸ್ಪತ್ರೆಯೊಂದರ ಹೆಸರು ಹುಡುಕಿದ್ದು ನಮಗೆ ಏಕೆ ಗೊತ್ತಾಗಬೇಕು? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಮನೆಮಟ್ಟಿಗೆ, ಸ್ವಂತಕ್ಕೆ ಇಟ್ಟುಕೊಂಡ ಮಾಹಿತಿಯನ್ನು ಹೊರಗಿಟ್ಟಿದೆ. ಬಾಡಿಗೆ ರೂಮು ಕೊಡುವ ಗೆಳೆಯನದು ವ್ಯಾಪಾರ. ಅವನು ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ನನ್ನನ್ನು ಕಾನೂನು ಕೇಳುವುದಿಲ್ಲ, ಆದರೆ ನೆಂಟರು ಕೇಳಬಹುದಲ್ಲ.

ಪೈ-ಹೋಲ್‌ನಲ್ಲಿ ಗೋಪ್ಯತೆಗೆ 0ಯಿಂದ 3ರವರೆಗೆ ಮೆಟ್ಟಿಲುಗಳಿವೆ. 0ಯಲ್ಲಿ ಎಲ್ಲವೂ ಕಾಣುತ್ತದೆ. 3ರಲ್ಲಿ ಯಾರು ಏನು ಕೇಳಿದರು ಎಂಬುದು ಉಳಿಯುವುದಿಲ್ಲ, ಒಟ್ಟು ಲೆಕ್ಕ ಮಾತ್ರ. ಏನಾದರೂ ಕೆಟ್ಟರೆ ಹುಡುಕುವುದು ಕಷ್ಟವಾಗುತ್ತದೆ ನಿಜ. ಆದರೂ ನಮ್ಮದನ್ನು 3ಕ್ಕೆ ಇಟ್ಟೆ. ಚೀಟಿಗೆ ಒಂದು ಸಾಲು ಸೇರಿತು: "ಯಾರು ಯಾವ ಸೈಟ್ ನೋಡಿದರು ಎಂಬುದನ್ನು ನಾವು ಬರೆದಿಡುವುದಿಲ್ಲ." ಅದನ್ನು ಬರೆಯುವ ಮೊದಲು ಹಳೆಯ ದಾಖಲೆಯನ್ನು ಅಳಿಸಿದೆ. ದಸರಾದ ಆ ಐದು ದಿನಗಳೂ ಅದರಲ್ಲಿದ್ದವು. ಅತ್ತೆ ಆ ಮಧ್ಯಾಹ್ನ ಒತ್ತಿದ್ದು ಮೂರು ಸಲ ಅಲ್ಲ, ಒಂಬತ್ತು ಸಲ.